ಪಿಂಗ್ ಹೋಗುತ್ತೆ, ಪ್ರಿಂಟ್ ಬರಲ್ಲ

ಆಫೀಸಿನಲ್ಲಿ ನನ್ನ ಕೆಲಸವೇ ಬೇರೆ. ಆದರೆ ಯಾವತ್ತೋ ಒಬ್ಬರ ವೈಫೈ ಸರಿ ಮಾಡಿಕೊಟ್ಟ ತಪ್ಪಿಗೆ ಕೇಬಲ್, ರೂಟರ್, ಪ್ರಿಂಟರ್ ಎಲ್ಲ ನನ್ನ ತಲೆಗೇ ಬಂದಿವೆ. ಈ ಸಲದ ಪ್ರಿಂಟರ್ ರಗಳೆ ಸೋಮವಾರ ಶುರುವಾಗಿ ಶುಕ್ರವಾರ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಗಂಟೆ, ನಿಮಿಷ ಗೀಚಿಕೊಂಡಿದ್ದೆ. ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ. ಎಡವಿದ್ದನ್ನೂ ಬಿಟ್ಟಿಲ್ಲ. ಎಡವಿದ್ದೇ ಜಾಸ್ತಿ, ಅದನ್ನು ಬಿಟ್ಟರೆ ಬರೆಯೋಕೆ ಏನೂ ಉಳಿಯಲ್ಲ.

ನಮ್ಮ ಏರ್ಪಾಡು ದೊಡ್ಡದೇನಲ್ಲ. ಹದಿನೆಂಟು ಸಿಸ್ಟಮ್, ಎಲ್ಲ ಲ್ಯಾನ್ ಕೇಬಲ್ ಬಂದು ಸೇರುವ ಒಂದು ಸ್ವಿಚ್ ಪೆಟ್ಟಿಗೆ, ಒಂದು ರೂಟರ್. ಎಲ್ಲರಿಗೂ ಸೇರಿ ಒಂದೇ ಕಪ್ಪು-ಬಿಳುಪು ಲೇಸರ್ ಪ್ರಿಂಟರ್. ಅದು ಲ್ಯಾನ್ ಕೇಬಲ್ಲಿನಲ್ಲಿ ನೇರವಾಗಿ ಸ್ವಿಚ್ಚಿಗೆ ಹೋಗುತ್ತದೆ. ಅದರ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಹುಡುಕುವ ನಂಬರ್, 192.168.1.50. ಹಿಂದೆ ಯಾರೋ ಪ್ರಿಂಟರಿನ ಬಟನ್ ಒತ್ತಿ ಒತ್ತಿ ಕೈಯಾರೆ ಹಾಕಿಟ್ಟಿದ್ದು. ಉಳಿದವರಿಗೆಲ್ಲ ಅಡ್ರೆಸ್ ಹಂಚುವುದು ರೂಟರ್. ಈ ಎರಡು ಸಾಲನ್ನು ಸೋಮವಾರ ಬೆಳಗ್ಗೆಯೇ ಒಂದರ ಪಕ್ಕ ಒಂದು ಇಟ್ಟು ನೋಡಿದ್ದರೆ ಸೋಮವಾರವೇ ಮುಗಿಯುತ್ತಿತ್ತು.

ಸೋಮವಾರ

9:50. "ಸಾರ್, ಪ್ರಿಂಟ್ ಬರ್ತಿಲ್ಲ." ಅಕೌಂಟ್ಸ್ ನೋಡಿಕೊಳ್ಳುವ ಮೇಡಂ. ಅವರ ಸ್ಕ್ರೀನಿನಲ್ಲಿ ಪ್ರಿಂಟರಿನ ಚಿತ್ರ ಮಂಕಾಗಿತ್ತು, ಕೆಳಗೆ 'ಆಫ್‌ಲೈನ್' ಅಂತ. ಎದ್ದು ಪ್ರಿಂಟರ್ ಹತ್ತಿರ ಹೋದರೆ ಅದು ಹಸಿರು ದೀಪ ಹಚ್ಚಿಕೊಂಡು, ಎರಡು ಸಾಲಿನ ಪುಟ್ಟ ಡಿಸ್‌ಪ್ಲೇಯಲ್ಲಿ 'ರೆಡಿ' ಅಂತ ತೋರಿಸುತ್ತಾ ಆರಾಮಾಗಿ ಕೂತಿತ್ತು.

ಎಲ್ಲರೂ ಮಾಡುವುದನ್ನೇ ಮೊದಲು ಮಾಡಿದೆ. ಆಫ್, ಆನ್. ಏನೂ ಬದಲಾಗಲಿಲ್ಲ. ಕ್ಯೂ ತೆರೆದರೆ ಏಳು ಜಾಬ್ ನಿಂತಿದ್ದವು. ಏಳೂ ಒಂದೇ ಫೈಲ್. ಬರಲಿಲ್ಲ ಅಂತ ಒತ್ತಿದ್ದನ್ನೇ ಒತ್ತಿದ್ದಾರೆ. ಕ್ಯಾನ್ಸಲ್ ಮಾಡಲು ಹೋದರೆ 'ಡಿಲೀಟಿಂಗ್' ಅಂತ ಬಂದು ಅಲ್ಲೇ ಗೂಟ ಹೊಡೆದುಕೊಂಡು ನಿಂತಿತು.

ಇದಕ್ಕೆ ಮದ್ದು ಗೊತ್ತಿತ್ತು. ಸರ್ವಿಸಸ್ ತೆರೆದು, ಜಾಬುಗಳನ್ನು ಸಾಲಿನಲ್ಲಿಟ್ಟು ಪ್ರಿಂಟರಿಗೆ ಕಳಿಸುವ 'ಪ್ರಿಂಟ್ ಸ್ಪೂಲರ್' ನಿಲ್ಲಿಸಬೇಕು. ಆಮೇಲೆ ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನುವ ಫೋಲ್ಡರಿಗೆ ಹೋಗಬೇಕು. ಒಳಗಿರುವ ಫೈಲುಗಳನ್ನು ಅಳಿಸಬೇಕು, ಫೋಲ್ಡರನ್ನಲ್ಲ. ಸಾಮಾನ್ಯವಾಗಿ ಪ್ರತಿ ಜಾಬಿಗೂ ಅಲ್ಲಿ ಎರಡು ಫೈಲ್ ಇರುತ್ತವೆ. ಎಸ್‌ಪಿಎಲ್ ಅಂತ ಕೊನೆಯಾಗುವುದು ಪ್ರಿಂಟ್ ಆಗಬೇಕಾದ ಸರಕು. ಎಸ್‌ಎಚ್‌ಡಿ ಅಂತ ಕೊನೆಯಾಗುವುದು ಅದರ ಚೀಟಿ: ಯಾರು ಕೊಟ್ಟರು, ಯಾವ ಪ್ರಿಂಟರಿಗೆ, ಎಷ್ಟು ಕಾಪಿ ಅಂತ. ಎರಡನ್ನೂ ಅಳಿಸಿ ಸ್ಪೂಲರನ್ನು ಮತ್ತೆ ಶುರು ಮಾಡಿದೆ. ಕ್ಯೂ ಖಾಲಿಯಾಯಿತು. ಟೆಸ್ಟ್ ಪೇಜ್ ಕೊಟ್ಟೆ. ಅದೇ ಆಫ್‌ಲೈನ್.

11:20. ಪಕ್ಕದ ಟೇಬಲ್ಲಿನವರು ಎದ್ದು ಹೋಗಿ ಪ್ರಿಂಟರಿನಿಂದ ಮೂರು ಹಾಳೆ ತಗೊಂಡು ಬಂದರು. "ನನ್ನಿಂದ ಬರುತ್ತಲ್ಲ ಸಾರ್?" ಮೇಡಂ ನನ್ನನ್ನು ನೋಡಿದರು. ನಾನು ಸ್ವಿಚ್ಚನ್ನು ನೋಡಿದೆ. ಹತ್ತು ನಿಮಿಷದ ಮೇಲೆ ಪಕ್ಕದವರಿಗೂ ನಿಂತಿತು. ಅಷ್ಟರಲ್ಲಿ ಆ ಕಡೆ ಗೋಡೆಯ ಹತ್ತಿರ ಕೂರುವವರಿಗೆ ಬರತೊಡಗಿತ್ತು. ನೋಟ್‌ಬುಕ್ಕಿನಲ್ಲಿ ಇದನ್ನು ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಹಾಕಿದ್ದೇನೆ, ಅಷ್ಟೇ. ಸಿಕ್ಕ ಸುಳಿವುಗಳಲ್ಲಿ ಇದೇ ದೊಡ್ಡದು ಅಂತ ಗೊತ್ತಾಗಿದ್ದು ಎರಡು ದಿನ ಬಿಟ್ಟು.

1:15. ಪ್ರಿಂಟರಿನ ಹಿಂದೆ ಬಗ್ಗಿ ನೋಡಿದೆ. ಲ್ಯಾನ್ ಕೇಬಲ್ಲಿನ ಜಾಕಿನಲ್ಲಿ ಕಚ್ಚಿಕೊಳ್ಳುವ ಆ ಸಣ್ಣ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಪೇಪರ್ ಟ್ರೇ ಎಳೆದಾಗಲೆಲ್ಲ ಜಾಕ್ ಒಂದು ಕೂದಲೆಳೆ ಹಿಂದೆ ಸರಿಯುತ್ತಿತ್ತು. ಸಿಕ್ಕಿಬಿತ್ತು ಕಳ್ಳ ಅಂದುಕೊಂಡೆ. ರೆಡಿ ಕೇಬಲ್ ಇರಲಿಲ್ಲ, ಹೊಸ ಜಾಕ್ ಕ್ರಿಂಪ್ ಮಾಡಿದೆ, ಅಂದರೆ ಎಂಟು ತಂತಿಗಳನ್ನು ಬಣ್ಣದ ಸಾಲಿನಲ್ಲಿ ಜೋಡಿಸಿ ಜಾಕಿಗೆ ಒತ್ತಿ ಕೂರಿಸಿದೆ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಈ ಸಾಲನ್ನು ಮಗ್ಗಿ ಥರ ಬಾಯಿಪಾಠ ಮಾಡಿಕೊಂಡಿದ್ದೇನೆ. 100 ಎಂಬಿಪಿಎಸ್ ಪ್ರಿಂಟರಿಗೆ ಇದರಲ್ಲಿ 1, 2, 3, 6 ನೇ ತಂತಿ ಮಾತ್ರ ಸಾಕು. ನೀಲಿ ಜೋಡಿ, ಕಂದು ಜೋಡಿ ಸುಮ್ನೆ ಜೊತೆಗೆ ಕೂತಿರುತ್ತವೆ. ಹಾಗಂತ ಅವನ್ನು ಬಿಟ್ಟು ಕ್ರಿಂಪ್ ಮಾಡಬೇಡಿ. ನಾಳೆ ಯಾರಾದರೂ ಅದೇ ಕೇಬಲ್ಲನ್ನು ಎಂಟೂ ತಂತಿ ಬೇಡುವ ಗಿಗಾಬಿಟ್ ಸಿಸ್ಟಮ್ಮಿಗೆ ಸಿಕ್ಕಿಸಿ ನಿಧಾನ ಅಂತ ಗೋಳಾಡುತ್ತಾರೆ.

1:30. ಟೆಸ್ಟ್ ಪೇಜ್ ಬಂತು. ಎಲ್ಲರ ಸಿಸ್ಟಮ್ಮಿನಿಂದಲೂ ಬಂತು. "ಕೇಬಲ್ ಹೋಗಿತ್ತು" ಅಂತ ಘೋಷಿಸಿ ಊಟಕ್ಕೆ ಹೋದೆ. ವಾಪಸ್ ಬಂದ ಮೇಲೆ ಬೇರೆ ಕೆಲಸದಲ್ಲಿ ಮುಳುಗಿದೆ. ಮಧ್ಯಾಹ್ನ ಮತ್ತೆ ನಿಂತಿತ್ತಂತೆ. ಪಾಪ, ಬೆಳಗ್ಗೆಯಷ್ಟೇ ಒದ್ದಾಡಿದ್ದೇನೆ ಅಂತ ಯಾರೂ ಬಂದು ಹೇಳಿರಲಿಲ್ಲ.

ಮಂಗಳವಾರ

9:40. "ಸಾರ್, ಅದೇ ಕಥೆ."

ಈ ಸಲ ಬುದ್ಧಿವಂತನ ಥರ ಶುರು ಮಾಡಿದೆ. ಕಮಾಂಡ್ ಪ್ರಾಂಪ್ಟ್ ತೆರೆದು 192.168.1.50ಕ್ಕೆ ಪಿಂಗ್ ಕೊಟ್ಟೆ, ಅಂದರೆ 'ಇದ್ದೀಯಾ?' ಅಂತ ಕೂಗಿ ಕೇಳಿದೆ. ಉತ್ತರ ಬಂತು. ನಾಲ್ಕಕ್ಕೆ ನಾಲ್ಕೂ ಬಂತು. ಸಮಯ 112 ಮಿಲಿಸೆಕೆಂಡ್, 7, 203, 64. ಬಂತಲ್ಲ, ಹಾಗಾದರೆ ನೆಟ್‌ವರ್ಕ್ ಸರಿ ಇದೆ, ತೊಂದರೆ ಡ್ರೈವರಿನದು, ಅಂದರೆ ಪ್ರಿಂಟರ್ ಜೊತೆ ಮಾತಾಡಲು ಸಿಸ್ಟಮ್ಮಿನಲ್ಲಿ ಹಾಕಿರುವ ಸಾಫ್ಟ್‌ವೇರಿನದು ಅಂತ ತೀರ್ಮಾನಕ್ಕೆ ಬಂದೆ. ಆ ನಾಲ್ಕು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಆದರೆ ಓದಿಲ್ಲ. ಬರೆಯುವುದೇ ಬೇರೆ, ಓದುವುದೇ ಬೇರೆ ನೋಡಿ.

ಮುಂದಿನ ಒಂದೂವರೆ ಗಂಟೆ ಡ್ರೈವರ್ ಕಿತ್ತು ಹಾಕುವುದರಲ್ಲೇ ಹೋಯಿತು. ಮೇಡಂ ಸಿಸ್ಟಮ್ಮಿನಲ್ಲಿ ಒಂದೇ ಪ್ರಿಂಟರಿಗೆ ಮೂರು ಹೆಸರು ಇದ್ದವು: ಒಂದು ಮೂಲ, ಒಂದು 'ಕಾಪಿ 1', ಇನ್ನೊಂದು 'ಕಾಪಿ 2'. ಹಿಂದೆ ಯಾವಾಗಲೋ ತೊಂದರೆ ಬಂದಾಗ ಹಳೆಯದನ್ನು ತೆಗೆಯದೆ ಮತ್ತೊಂದು ಸೇರಿಸಿದ ಗುರುತು. ಸೇರಿಸಿದ್ದು ನಾನೇ ಇರಬೇಕು. ಮೂರನ್ನೂ ತೆಗೆದೆ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ಗೆ ಹೋಗಿ ಡ್ರೈವರನ್ನೂ ತೆಗೆದು ಮತ್ತೆ ಹಾಕಿದೆ. ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಮುಂಚೆ ನೆಟ್‌ವರ್ಕಿನಿಂದ ಸಿಗುವ ಪ್ರಿಂಟರ್ ಡ್ರೈವರನ್ನು ಮಾಮೂಲಿ ಬಳಕೆದಾರರೂ ಹಾಕಿಕೊಳ್ಳಬಹುದಿತ್ತು. 2021ರಲ್ಲಿ ಸ್ಪೂಲರಿನಲ್ಲಿ 'ಪ್ರಿಂಟ್‌ನೈಟ್‌ಮೇರ್' ಅಂತ ಹೆಸರಾದ ಭದ್ರತಾ ಲೋಪ ಹೊರಬಿದ್ದ ಮೇಲೆ, ಆ ವರ್ಷದ ಆಗಸ್ಟ್ ಅಪ್‌ಡೇಟಿನಿಂದ ಅಡ್ಮಿನ್ ಹಕ್ಕು ಬೇಕೇ ಬೇಕು ಅಂತ ಆಯಿತು. ಪಾಸ್‌ವರ್ಡ್ ಇಟ್ಟುಕೊಂಡವರು ಬರುವವರೆಗೆ ಇಪ್ಪತ್ತು ನಿಮಿಷ ಕಾದೆ.

1:10. ಟೆಸ್ಟ್ ಪೇಜ್ ಬಂತು! ಡ್ರೈವರೇ ಕಾರಣ ಅಂತ ಇನ್ನೊಂದು ಘೋಷಣೆ. ಆದರೆ ಡ್ರೈವರ್ ಮುಟ್ಟದೇ ಇದ್ದ ಹದಿನೇಳು ಸಿಸ್ಟಮ್ಮಿನಿಂದಲೂ ಅದೇ ಹೊತ್ತಿಗೆ ಪ್ರಿಂಟ್ ಬರತೊಡಗಿತ್ತು. ಇದು ಮಾತ್ರ ಮನಸ್ಸಿನಲ್ಲಿ ಕೊರೆಯಿತು.

2:20. ಎಲ್ಲರಿಗೂ ಮತ್ತೆ ಕೈಕೊಟ್ಟಿತು. ನಾನು ಘೋಷಣೆ ಮಾಡುವುದನ್ನು ಬಿಟ್ಟೆ.

ಬುಧವಾರ

ಬೆಳಗ್ಗೆ ಬಂದವನೇ ಯಾವ ಸಿಸ್ಟಮ್ಮನ್ನೂ ಮುಟ್ಟಲಿಲ್ಲ. ನೋಟ್‌ಬುಕ್ ತೆಗೆದು ಎರಡು ದಿನದ ಹೊತ್ತುಗಳನ್ನು ಒಂದೇ ಗೆರೆ ಮೇಲೆ ಇಟ್ಟೆ. ಬೆಳಗ್ಗೆ ಕೆಟ್ಟಿರುತ್ತದೆ. ಒಂದರಿಂದ ಎರಡೂಕಾಲರವರೆಗೆ ಸರಿ. ಮತ್ತೆ ಕೆಡುತ್ತದೆ. ಸಂಜೆ ಐದೂವರೆ ಆದ ಮೇಲೆ ಉಳಿದವರು ಪ್ರಿಂಟ್ ತಗೊಂಡಿದ್ದಾರೆ, ಒಂದು ದೂರೂ ಇಲ್ಲ. ಕೇಬಲ್ಲಿಗೆ ಊಟದ ಹೊತ್ತು ಗೊತ್ತಾಗುವುದಿಲ್ಲ. ಡ್ರೈವರಿಗೆ ಆಫೀಸ್ ಬಿಡುವ ಹೊತ್ತು ಗೊತ್ತಾಗುವುದಿಲ್ಲ. ಇದು ಯಾರೋ ಮನುಷ್ಯರ ದಿನಚರಿ.

ಆಮೇಲೆ ಆ ನಾಲ್ಕು ಅಂಕಿಗಳು ಕಣ್ಣಿಗೆ ಬಿದ್ದವು. 112, 7, 203, 64. ಪ್ರಿಂಟರ್ ಕೇಬಲ್ಲಿನಲ್ಲಿದೆ, ಮಧ್ಯೆ ಇರುವುದು ಒಂದೇ ಸ್ವಿಚ್. ಪಿಂಗ್ ಉತ್ತರ ಒಂದು ಮಿಲಿಸೆಕೆಂಡ್ ಸುತ್ತಮುತ್ತ ಬರಬೇಕು, ಪ್ರತಿ ಸಲವೂ. ಇನ್ನೂರು ಮಿಲಿಸೆಕೆಂಡ್ ತಗೊಂಡು, ಆಮೇಲೆ ಏಳಕ್ಕೆ ಇಳಿದು, ಮತ್ತೆ ಏರುವುದು ಕೇಬಲ್ಲಿನ ಸ್ವಭಾವವೇ ಅಲ್ಲ. ಅದು ಬ್ಯಾಟರಿ ಉಳಿಸಲು ಆಗಾಗ ತೂಕಡಿಸುವ ವೈಫೈ ಸಾಧನದ ಸ್ವಭಾವ.

9:45. ಹೊಸದಾಗಿ ಪಿಂಗ್ ಕೊಟ್ಟೆ, ನಿಲ್ಲಿಸದೆ ಓಡುವ ಹಾಗೆ. ಉತ್ತರ ಬರುತ್ತಲೇ ಇತ್ತು. ಎದ್ದು ಹೋಗಿ ಪ್ರಿಂಟರಿನ ಲ್ಯಾನ್ ಕೇಬಲ್ ಕಿತ್ತೆ. ಸೋಮವಾರ ಪ್ರೀತಿಯಿಂದ ಕ್ರಿಂಪ್ ಮಾಡಿದ್ದ ಅದೇ ಕೇಬಲ್. ವಾಪಸ್ ಬಂದು ಸ್ಕ್ರೀನ್ ನೋಡಿದೆ.

ಪಿಂಗ್ ನಿಂತಿರಲಿಲ್ಲ.

ಕೇಬಲ್ಲಿನ ತುದಿ ನೆಲದ ಮೇಲೆ ಬಿದ್ದಿದೆ. ಪ್ರಿಂಟರಿನಲ್ಲಿ ವೈಫೈ ಇಲ್ಲವೇ ಇಲ್ಲ. ಆದರೂ 192.168.1.50 ಅನ್ನುವುದು "ಇದ್ದೇನೆ, ಇದ್ದೇನೆ" ಅಂತ ಓಗೊಡುತ್ತಿದೆ. ಒಂದು ಕ್ಷಣ ಮೈ ಜುಂ ಅಂದಿದ್ದು ನಿಜ.

ಕೇಬಲ್ ಮತ್ತೆ ಹಾಕಿ ಪ್ರಿಂಟರಿನ ಮೆನುವಿಗೆ ಹೋಗಿ ಕಾನ್ಫಿಗರೇಶನ್ ಪೇಜ್ ಪ್ರಿಂಟ್ ಮಾಡಿಸಿದೆ. ಇದಕ್ಕೆ ನೆಟ್‌ವರ್ಕ್ ಬೇಡ, ಪ್ರಿಂಟರ್ ತನ್ನಷ್ಟಕ್ಕೆ ತಾನೇ ಹೊಡೆದುಕೊಡುತ್ತದೆ. ಸೋಮವಾರ ಬೆಳಗ್ಗೆ ಮೊದಲು ಮಾಡಬೇಕಾಗಿದ್ದ ಕೆಲಸವೇ ಇದು. ಐಪಿ 192.168.1.50 ಅಂತಲೇ ಇತ್ತು. ಅದರ ಕೆಳಗೆ ಮ್ಯಾಕ್ ಅಡ್ರೆಸ್, 00ಯಿಂದ ಶುರು. ಐಪಿ ಅನ್ನುವುದು ಬಾಗಿಲ ಮೇಲಿನ ನಂಬರ್ ಇದ್ದ ಹಾಗೆ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಮ್ಯಾಕ್ ಅನ್ನುವುದು ಹುಟ್ಟುಮಚ್ಚೆ. ತಯಾರಕರು ಹಾಕಿಯೇ ಕಳಿಸಿರುತ್ತಾರೆ.

ಸಿಸ್ಟಮ್ಮಿಗೆ ಬಂದು 'ಎಆರ್‌ಪಿ -ಎ' ಕಮಾಂಡ್ ಕೊಟ್ಟೆ. ಯಾವ ಐಪಿ ನಂಬರಿನ ಹಿಂದೆ ಯಾವ ಮ್ಯಾಕ್ ಇದೆ ಅಂತ ಈ ಸಿಸ್ಟಮ್ ನಂಬಿಕೊಂಡಿರುವ ಪಟ್ಟಿ ಅದು. 192.168.1.50ರ ಎದುರಿಗೆ ಇದ್ದ ಮ್ಯಾಕ್ 52ರಿಂದ ಶುರುವಾಗುತ್ತಿತ್ತು. ಪ್ರಿಂಟರಿನದಲ್ಲ.

ಆ 52ರಲ್ಲೇ ಇನ್ನೊಂದು ಗುಟ್ಟಿದೆ. ಮ್ಯಾಕ್ ಅಡ್ರೆಸ್ಸಿನ ಎರಡನೇ ಅಂಕಿ 2, 6, ಎ ಅಥವಾ ಇ ಆಗಿದ್ದರೆ ಅದು ತಯಾರಕರು ಕೊಟ್ಟ ಮಚ್ಚೆ ಅಲ್ಲ, ಸಾಧನ ತಾನೇ ಬಳಿದುಕೊಂಡ ಬಣ್ಣ. ಜಾಡು ಹಿಡಿಯದಂತೆ ಈಗಿನ ಫೋನುಗಳು ಪ್ರತಿ ವೈಫೈಗೂ ಒಂದೊಂದು ಸುಳ್ಳು ಮ್ಯಾಕ್ ಕಟ್ಟಿಕೊಳ್ಳುತ್ತವೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ತಾನಾಗಿಯೇ ಆನ್ ಇರುತ್ತದೆ. ಅಂದರೆ ನಮ್ಮ ಪ್ರಿಂಟರಿನ ಹೆಸರಿನಲ್ಲಿ ಓಗೊಡುತ್ತಿರುವುದು ಬಹುಶಃ ಯಾರದೋ ಜೇಬಿನಲ್ಲಿರುವ ಫೋನ್.

ಖಚಿತ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆ. ಪೋರ್ಟ್ ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಕೌಂಟರ್ ಇದ್ದ ಹಾಗೆ. ಪ್ರಿಂಟರುಗಳು ಸಾಮಾನ್ಯವಾಗಿ 9100 ನಂಬರಿನ ಪೋರ್ಟಿನಲ್ಲಿ ಪ್ರಿಂಟ್ ಜಾಬ್ ತಗೊಳ್ಳುತ್ತವೆ. ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್' ಅಂತ ಒಂದು ಕಮಾಂಡ್ ಇದೆ. ಅದಕ್ಕೆ ಅಡ್ರೆಸ್ಸಿನ ಜೊತೆ 9100 ಪೋರ್ಟನ್ನೂ ಕೊಟ್ಟೆ. ಪಿಂಗ್: ಟ್ರೂ. ಪೋರ್ಟ್: ಫಾಲ್ಸ್. ಬಾಗಿಲು ತಟ್ಟಿದರೆ ಉತ್ತರ ಬರುತ್ತದೆ, ಕಾಗದ ಕೊಟ್ಟರೆ ತಗೊಳ್ಳುವವರಿಲ್ಲ. ಪಿಂಗ್ ಹೇಳುವುದು 'ಇಲ್ಲಿ ಯಾರೋ ಇದ್ದಾರೆ' ಅಂತ ಮಾತ್ರ. ಯಾರು ಅಂತ ಹೇಳುವುದಿಲ್ಲ. ನಾನು ಎರಡು ದಿನ ಅದನ್ನೇ ಕೇಳಿಸಿಕೊಂಡು 'ಪ್ರಿಂಟರ್ ಇದೆ' ಅಂತ ಓದಿಕೊಂಡಿದ್ದೆ.

10:30. ರೂಟರಿನ ಪೇಜ್ ತೆರೆದೆ. ಅಡ್ರೆಸ್ ಹಂಚುವ ಪಟ್ಟಿ 192.168.1.20ರಿಂದ 200ರವರೆಗೆ ಇಟ್ಟಿತ್ತು. ಪ್ರಿಂಟರಿನ 50 ಅದರ ಹೊಟ್ಟೆಯೊಳಗೇ ಇದೆ! ಕೈಯಾರೆ ಹಾಕಿದ ಅಡ್ರೆಸ್ ಅಂದರೆ ರೂಟರಿಗೆ ಅದರ ಸುದ್ದಿಯೇ ಇರುವುದಿಲ್ಲ. ಅದರ ಲೆಕ್ಕದಲ್ಲಿ 50 ಖಾಲಿ ಸೀಟು. ಯಾರು ಕೇಳಿದರೂ ಕೊಡಬಹುದು. ಸದ್ಯಕ್ಕೆ ಒಂದು ಫೋನಿಗೆ ಕೊಟ್ಟಿತ್ತು. ಪಟ್ಟಿಯಲ್ಲಿ ಫೋನಿನ ಹೆಸರೂ ಇತ್ತು. ದಿನಾ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವ ನಮ್ಮ ಸಹೋದ್ಯೋಗಿಯದು.

ಈಗ ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ಅವರು ಒಂಬತ್ತಕ್ಕೆ ಬರುತ್ತಾರೆ, ಫೋನ್ ವೈಫೈಗೆ ಸೇರಿ 50 ಹಿಡಿಯುತ್ತದೆ. ಒಂಬತ್ತೂವರೆಗೆ ಯಾರೋ ಪ್ರಿಂಟರ್ ಆನ್ ಮಾಡುತ್ತಾರೆ, ಅದೂ 50 ಅನ್ನುತ್ತದೆ. ಒಂದೇ ನಂಬರಿನ ಎರಡು ಮನೆ. ಒಂದು ಗಂಟೆಗೆ ಅವರು ಊಟಕ್ಕೆ ಹೊರಗೆ ಹೋಗುತ್ತಾರೆ, ಫೋನ್ ಜೊತೆಗೆ ಹೋಗುತ್ತದೆ, ಪ್ರಿಂಟರ್ ಒಂದೇ ಉಳಿಯುತ್ತದೆ, ಎಲ್ಲರಿಗೂ ಪ್ರಿಂಟ್ ಬರುತ್ತದೆ. ಎರಡೂಕಾಲಿಗೆ ವಾಪಸ್. ರೂಟರಿನ ಪುಸ್ತಕದಲ್ಲಿ ಆ ನಂಬರ್ ಅವರ ಫೋನಿನ ಹೆಸರಿನಲ್ಲೇ ಇರುವುದರಿಂದ ಅದನ್ನೇ ಮತ್ತೆ ಕೊಡುತ್ತದೆ. ಐದೂವರೆಗೆ ಅವರು ಮನೆಗೆ.

ಸೋಮವಾರದ ಪ್ರಶ್ನಾರ್ಥಕ ಚಿಹ್ನೆಗೂ ಉತ್ತರ ಸಿಕ್ಕಿತು. 50 ಯಾರು ಅಂತ ಪ್ರತಿ ಸಿಸ್ಟಮ್ಮೂ ತಾನೇ ಕೂಗಿ ಕೇಳುತ್ತದೆ. ಇಬ್ಬರೂ ಓಗೊಡುತ್ತಾರೆ. ಯಾರ ಉತ್ತರ ಆ ಸಿಸ್ಟಮ್ಮಿನ ಪಟ್ಟಿಯಲ್ಲಿ ನಿಂತಿತೋ ಅದರ ಕಡೆಗೇ ಜಾಬ್ ಹೋಗುತ್ತದೆ. ಆ ಪಟ್ಟಿ ಸ್ವಲ್ಪ ಹೊತ್ತಿಗೆ ಹಳಸುತ್ತದೆ, ಆಗ ಮತ್ತೆ ಕೂಗುತ್ತದೆ. ಹಾಗಾಗಿ ಒಂದೇ ಹೊತ್ತಿನಲ್ಲಿ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ, ಹತ್ತು ನಿಮಿಷದಲ್ಲಿ ಅದು ತಿರುವುಮುರುವು.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ? ಕೇಳಿ ನೋಡಿದೆ. ಹಿಂದಿನ ತಿಂಗಳವರೆಗೆ ಪ್ರಿಂಟರ್ ರಾತ್ರಿಯೆಲ್ಲ ಆನ್ ಇರುತ್ತಿತ್ತು. ಕರೆಂಟ್ ಉಳಿಸೋಣ ಅಂತ ಯಾರೋ ಸಂಜೆ ಆಫ್ ಮಾಡುವ ಅಭ್ಯಾಸ ಶುರು ಮಾಡಿದ್ದಾರೆ. ಒಳ್ಳೆಯ ಅಭ್ಯಾಸವೇ. ಆದರೆ ಬಹಳಷ್ಟು ರೂಟರುಗಳು ಒಂದು ಅಡ್ರೆಸ್ ಕೊಡುವ ಮೊದಲು ಅಲ್ಲಿ ಯಾರಾದರೂ ಇದ್ದಾರಾ ಅಂತ ಒಮ್ಮೆ ಪಿಂಗ್ ಮಾಡಿ ನೋಡುತ್ತವೆ. ಪ್ರಿಂಟರ್ ಎದ್ದಿದ್ದಾಗ ಆ ತನಿಖೆಯೇ ನಮ್ಮನ್ನು ಕಾಪಾಡಿಕೊಂಡು ಬಂದಿರಬೇಕು. ಅದರ ಜೊತೆಗೆ ಜನ ಜಾಸ್ತಿ ಆದರು, ಒಬ್ಬೊಬ್ಬರಿಗೂ ಒಂದು ಲ್ಯಾಪ್‌ಟಾಪ್, ಒಂದು ಫೋನ್. ಹಂಚುತ್ತಾ ಹಂಚುತ್ತಾ ರೂಟರ್ 50ನೇ ಸೀಟಿನ ಹತ್ತಿರ ಬಂದಿತ್ತು.

ಸರಿ ಮಾಡಲು ಎರಡು ದಾರಿ. ಒಂದು, ಪ್ರಿಂಟರಿನ ಅಡ್ರೆಸ್ಸನ್ನು 'ಆಟೋ' ಮಾಡಿ, ರೂಟರಿನಲ್ಲಿ ಆ ಮ್ಯಾಕಿಗೆ ಒಂದು ನಂಬರ್ ಕಾದಿರಿಸುವುದು. ಇನ್ನೊಂದು, ಹಂಚುವ ಪಟ್ಟಿಯನ್ನೇ ಕಿರಿದು ಮಾಡಿ 50ನ್ನು ಹೊರಗಿಡುವುದು. ಮೊದಲನೆಯದು ಅಚ್ಚುಕಟ್ಟು. ಆದರೆ ನಾಳೆ ರೂಟರ್ ಕೆಟ್ಟು ಹೊಸದು ಬಂದರೆ ಆ ಕಾದಿರಿಸಿದ್ದೂ ಅದರ ಜೊತೆಗೇ ಹೋಗುತ್ತದೆ, ಯಾರಿಗೂ ನೆನಪಿರುವುದಿಲ್ಲ. ನಾನು ಎರಡನೆಯದನ್ನು ಆರಿಸಿಕೊಂಡೆ. ಪಟ್ಟಿ 100ರಿಂದ 200. ನೂರರ ಕೆಳಗೆ ಕೈಯಾರೆ ಹಾಕಿದವರಿಗೆ ಮಾತ್ರ ಜಾಗ. ಹದಿನೆಂಟು ಸಿಸ್ಟಮ್ಮಿನಲ್ಲೂ ಪ್ರಿಂಟರಿನ ಅಡ್ರೆಸ್ ಬದಲಿಸುವ ಗೋಳೂ ತಪ್ಪಿತು.

ಪಟ್ಟಿ ಬದಲಿಸಿದ ಮಾತ್ರಕ್ಕೆ ಫೋನ್ ಹಿಡಿದ ನಂಬರನ್ನು ಆ ಕ್ಷಣವೇ ಬಿಡುವುದಿಲ್ಲ. ಅದಕ್ಕೆ ಕೊಟ್ಟ ಅವಧಿ ಇನ್ನೂ ಮುಗಿದಿರುವುದಿಲ್ಲ. ರೂಟರ್ ರಿಸ್ಟಾರ್ಟ್ ಮಾಡಿ, ಅವರ ಹತ್ತಿರ ಹೋಗಿ "ಒಂದು ಸಲ ವೈಫೈ ಆಫ್ ಮಾಡಿ ಆನ್ ಮಾಡ್ತೀರಾ?" ಅಂದೆ. ಮಾಡಿದರು. ಫೋನಿಗೆ 113 ಸಿಕ್ಕಿತು.

"ಯಾಕೆ, ಏನಾಗಿತ್ತು?"

"ನಿಮ್ಮ ಫೋನ್ ಮೂರು ದಿನದಿಂದ ಪ್ರಿಂಟರ್ ಆಗಿತ್ತು."

ಅವರು ಫೋನನ್ನು ತಿರುಗಿಸಿ ಹಿಂದುಮುಂದು ನೋಡಿದರು.

ಅಷ್ಟರಲ್ಲಿ ಪ್ರಿಂಟರ್ ಗರಗರ ಅಂದಿತು. ಮೂರು ದಿನ ಎಲ್ಲರ ಕ್ಯೂನಲ್ಲಿ ಕೊಳೆಯುತ್ತಿದ್ದ ಜಾಬುಗಳೆಲ್ಲ ಒಟ್ಟಿಗೆ ಹೊರಟಿದ್ದವು. ಒಂದೇ ರಜೆ ಅರ್ಜಿ ಒಂಬತ್ತು ಕಾಪಿ. ಕಾಗದ ಮುಗಿಯುವವರೆಗೂ ನಿಲ್ಲಲಿಲ್ಲ. ನಾನೂ ನಿಲ್ಲಿಸಲು ಹೋಗಲಿಲ್ಲ.

ಗುರುವಾರ

ಬುಧವಾರ ಸಂಜೆ ಗೆದ್ದ ಅಮಲಿನಲ್ಲಿ ಒಂದು ತಲೆಹರಟೆ ಮಾಡಿದ್ದೆ. ಪ್ರಿಂಟರಿನ ವೆಬ್ ಪೇಜಿಗೆ ಹೋಗಿದ್ದೆ. ಬ್ರೌಸರಿನಲ್ಲಿ ಐಪಿ ಹಾಕಿದರೆ ಸಾಕು, ತೆರೆದುಕೊಳ್ಳುತ್ತದೆ. ಅಲ್ಲಿ ಬೇಕಿಲ್ಲದ ಸೌಲಭ್ಯಗಳು ಒಂದು ರಾಶಿ ಆನ್ ಇದ್ದವು: ಫೈಲ್ ಕಳಿಸುವ ಎಫ್‌ಟಿಪಿ, ದೂರದಿಂದ ಕಮಾಂಡ್ ಕೊಡುವ ಟೆಲ್ನೆಟ್, ಸಾಧನದ ಸ್ಥಿತಿ ವಿಚಾರಿಸುವ ಎಸ್‌ಎನ್‌ಎಂಪಿ. ಭದ್ರತೆ ದೃಷ್ಟಿಯಿಂದ ಎಲ್ಲ ಆಫ್ ಮಾಡಿ ಮನೆಗೆ ಹೋಗಿದ್ದೆ.

9:35. ಈ ಸಲ ಒಬ್ಬರಲ್ಲ, ಐದು ಜನ ಒಟ್ಟಿಗೆ ಬಂದು ನಿಂತರು. ಎಲ್ಲರಲ್ಲೂ ಆಫ್‌ಲೈನ್. ಪಿಂಗ್ ಕೊಟ್ಟರೆ ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ. ಮ್ಯಾಕ್ ನೋಡಿದರೆ ಪ್ರಿಂಟರಿನದ್ದೇ. 9100 ಪೋರ್ಟ್: ಟ್ರೂ. ಅಂದರೆ ಪ್ರಿಂಟರ್ ಬಾಗಿಲು ತೆಗೆದುಕೊಂಡು ಕಾಯುತ್ತಿದೆ. ವಿಂಡೋಸ್ ಕಳಿಸುತ್ತಲೇ ಇಲ್ಲ.

ತಪ್ಪು ಯಾರದು ಅಂತ ಹುಡುಕಲು ಈ ಸಲ ಜಾಸ್ತಿ ಹೊತ್ತು ಬೇಕಾಗಲಿಲ್ಲ. ವಿಂಡೋಸಿನಲ್ಲಿ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಮೂಲಕ, ಅಂದರೆ ಐಪಿ ಅಡ್ರೆಸ್ ಕೊಟ್ಟು, ಸೇರಿಸಿದ ಪ್ರಿಂಟರ್ ಬದುಕಿದೆಯಾ ಅಂತ ತಿಳಿಯಲು ಸಿಸ್ಟಮ್ ಎಸ್‌ಎನ್‌ಎಂಪಿಯಲ್ಲಿ ವಿಚಾರಿಸುತ್ತದೆ, ಯುಡಿಪಿ 161ನೇ ಪೋರ್ಟಿನಲ್ಲಿ. ಉತ್ತರ ಬರಲಿಲ್ಲ ಅಂದರೆ ಆಫ್‌ಲೈನ್ ಅಂತ ಬರೆದು ಜಾಬನ್ನು ತಡೆದಿಟ್ಟುಕೊಳ್ಳುತ್ತದೆ. 9100 ತೆರೆದೇ ಇದ್ದರೂ ಅದರ ಕಡೆ ತಲೆ ಹಾಕುವುದಿಲ್ಲ. ಆ ವಿಚಾರಣೆಗೆ ಉತ್ತರ ಕೊಡುವ ಬಾಯನ್ನೇ ನಾನು ಸಂಜೆ ಹೊಲಿದುಬಿಟ್ಟಿದ್ದೆ.

ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಕಾನ್ಫಿಗರ್ ಪೋರ್ಟ್ ಅಂತ ಹೋದರೆ ಅಡಿಯಲ್ಲಿ 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಅಂತ ಒಂದು ಟಿಕ್ ಇದೆ. ಮೊದಲ ಸಿಸ್ಟಮ್ಮಿನಲ್ಲಿ ಅದನ್ನು ತೆಗೆದೆ. ತಕ್ಷಣ ಪ್ರಿಂಟ್ ಬಂತು. ಇನ್ನು ಹದಿನೇಳು ಕಡೆ ಹೀಗೇ ಮಾಡುವ ಬದಲು ಪ್ರಿಂಟರಿನಲ್ಲಿ ಎಸ್‌ಎನ್‌ಎಂಪಿಯನ್ನು ಮತ್ತೆ ಆನ್ ಮಾಡಿದೆ, ಓದಲು ಮಾತ್ರ ಬಿಟ್ಟು, ಬದಲಿಸುವ ಹಕ್ಕು ಕಿತ್ತು. ಎಫ್‌ಟಿಪಿ, ಟೆಲ್ನೆಟ್ ಆಫ್ ಆಗಿಯೇ ಇರಲಿ. ಯಾರೂ ಅವನ್ನು ಕೇಳಿಕೊಂಡು ಬಂದಿಲ್ಲ.

ಇದು ನನ್ನಿಂದಲೇ ಆಗಿದ್ದು ಅಂತ ಆ ಐವರಿಗೆ ಹೇಳಿದೆನಾ? ಸ್ವಲ್ಪ ನಿಧಾನವಾಗಿ ಹೇಳಿದೆ, ಶುಕ್ರವಾರ.

ಶುಕ್ರವಾರ

ಚೂರುಪಾರು ಉಳಿದಿದ್ದವು. ಮೂಲೆಯ ಒಂದು ಸಿಸ್ಟಮ್ಮಿನಲ್ಲಿ ಮಾತ್ರ ಆಗಾಗ ಆಫ್‌ಲೈನ್ ಬರುತ್ತಿತ್ತು, ಅದೂ ಸ್ಲೀಪಿನಿಂದ ಎದ್ದ ಮೇಲೆ. ಪೋರ್ಟ್ಸ್ ನೋಡಿದರೆ ಅಲ್ಲಿ ಐಪಿ ಇರಲಿಲ್ಲ. 'ಡಬ್ಲ್ಯುಎಸ್‌ಡಿ' ಅಂತ ಶುರುವಾಗುವ ಮಾರುದ್ದದ ಹೆಸರು. ಪ್ರಿಂಟರ್ ಸೇರಿಸುವಾಗ ಪಟ್ಟಿಯಲ್ಲಿ ಕಂಡಿದ್ದನ್ನೇ ಒತ್ತಿದರೆ ಎಷ್ಟೋ ಸಲ ಹೀಗಾಗುತ್ತದೆ. ಅಡ್ರೆಸ್ ಗೊತ್ತಿಟ್ಟುಕೊಳ್ಳುವ ಬದಲು ನೆಟ್‌ವರ್ಕಿನಲ್ಲಿ ಕೂಗಿ ಕರೆದು ಹುಡುಕುವ ಪದ್ಧತಿ ಇದು. ಮನೆಯಲ್ಲಿ ಒಂದು ಸಿಸ್ಟಮ್, ಒಂದು ಪ್ರಿಂಟರ್ ಇದ್ದರೆ ಪರವಾಗಿಲ್ಲ. ಆಫೀಸಿನಲ್ಲಿ ನನಗೆ ಇದರ ಮೇಲೆ ನಂಬಿಕೆಯಿಲ್ಲ. 'ಆಡ್ ಪೋರ್ಟ್' ಒತ್ತಿ, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಆರಿಸಿ, 192.168.1.50 ಹಾಕಿದೆ. ಡ್ರೈವರ್ ಮುಟ್ಟಬೇಕಾಗಿ ಬರಲಿಲ್ಲ.

ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಪ್ರಿಂಟರೇ ಕಾಣುತ್ತಿರಲಿಲ್ಲ. ಅವರು ಸೇರಿದ್ದು ಗೆಸ್ಟ್ ವೈಫೈ. ಒಳಗಿನ ಯಾವ ಸಾಧನವೂ ಕಾಣಬಾರದು ಅಂತಲೇ ಅದನ್ನು ಬೇರೆ ಇಟ್ಟಿರುವುದು. ವೈಫೈ ಬದಲಿಸಿದರು, ಮುಗಿಯಿತು.

ಸ್ಕ್ಯಾನ್ ಮಾಡಿದರೆ ಫೋಲ್ಡರಿಗೆ ಹೋಗುತ್ತಿಲ್ಲ ಅಂತ ಮತ್ತೊಬ್ಬರು. ಪ್ರಿಂಟ್ ಸರಿಯಾದ ಮೇಲೆ ಸ್ಕ್ಯಾನಿನ ನೆನಪಾಗಿದೆ. ಅವರು ಹಿಂದಿನ ವಾರ ತಮ್ಮ ಸಿಸ್ಟಮ್ಮಿನ ಪಾಸ್‌ವರ್ಡ್ ಬದಲಿಸಿದ್ದರು. ಪ್ರಿಂಟರಿನ ಅಡ್ರೆಸ್ ಬುಕ್ಕಿನಲ್ಲಿ ಹಳೆಯದೇ ಕೂತಿತ್ತು. ಹೊಸದನ್ನು ಅವರ ಕೈಯಲ್ಲೇ ಹಾಕಿಸಿದೆ, ನಾನು ಆ ಕಡೆ ತಿರುಗಿ ನಿಂತೆ. ತುಂಬಾ ಹಳೆಯ ಪ್ರಿಂಟರ್ ಆಗಿದ್ದರೆ ಇದು ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಅವುಗಳಿಗೆ ಬರುವುದು, ಫೋಲ್ಡರಿಗೆ ಫೈಲ್ ಕಳಿಸಲು ಬಳಸುವ ಎಸ್‌ಎಂಬಿ ಅನ್ನುವ ಭಾಷೆಯ ಮೊದಲ ಆವೃತ್ತಿ ಮಾತ್ರ. 2017ರಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಈಚೆಗೆ ಹೊಸದಾಗಿ ಹಾಕಿದ ಸಿಸ್ಟಮ್ಮುಗಳು ಅದನ್ನು ಜೊತೆಗೆ ತರುವುದಿಲ್ಲ. ಸ್ಕ್ಯಾನಿಗೋಸ್ಕರ ಅದನ್ನು ಮತ್ತೆ ಆನ್ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ಸ್ಕ್ಯಾನನ್ನು ಇಮೇಲಿಗೆ ಕಳಿಸುವುದೇ ವಾಸಿ.

ಮೇಡಂ ಸಿಸ್ಟಮ್ಮಿನಲ್ಲಿ ಕೊನೆಯದೊಂದು ಇತ್ತು. ಆಗಾಗ ಪ್ರಿಂಟ್ ಕೊಟ್ಟರೆ 'ಎಲ್ಲಿ ಸೇವ್ ಮಾಡಲಿ' ಅಂತ ಕೇಳುತ್ತದಂತೆ. ವಿಂಡೋಸಿನಲ್ಲಿ 'ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳಲಿ' ಅನ್ನುವ ಅರ್ಥದ ಒಂದು ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ಕೊನೆಯ ಸಲ ಬಳಸಿದ್ದೇ ಡೀಫಾಲ್ಟ್ ಆಗಿಬಿಡುತ್ತದೆ. ಅವರು ಯಾವತ್ತಾದರೂ ಪಿಡಿಎಫ್ ಮಾಡಿದರೆ ಮುಂದಿನ ಪ್ರಿಂಟೂ ಪಿಡಿಎಫ್‌ಗೇ. ಆಫ್ ಮಾಡಿ ಲೇಸರನ್ನೇ ಕಾಯಂ ಮಾಡಿದೆ.

ರೂಟರಿನಲ್ಲಿ ಹಳೆಯ ಪಟ್ಟಿ ತೆರೆದಿದ್ದಾಗ ಇನ್ನೊಂದು ಕಣ್ಣಿಗೆ ಬಿದ್ದಿತ್ತು. ಹಾಜರಿ ಹಾಕುವ ಬೆರಳಚ್ಚು ಮಷೀನಿಗೆ ಕೈಯಾರೆ ಕೊಟ್ಟಿರುವ ಅಡ್ರೆಸ್ 192.168.1.61. ಅದೂ ಹಳೆಯ ಪಟ್ಟಿಯ ಹೊಟ್ಟೆಯಲ್ಲೇ ಇತ್ತು. ಈಗ ಹೊರಗಿದೆ. ಅದಕ್ಕೆ ಈ ಗತಿ ಬಂದಿದ್ದರೆ ಜನ ನನ್ನ ಹತ್ತಿರ ಇಷ್ಟು ಸಮಾಧಾನವಾಗಿ ಮಾತಾಡುತ್ತಿರಲಿಲ್ಲ.

ಕೊನೆಗೆ ಒಂದು ಹಾಳೆ ಮಾಡಿದೆ. ಪ್ರಿಂಟರಿನ ಐಪಿ, ಮ್ಯಾಕ್, ಸ್ವಿಚ್ಚಿನ ಎಷ್ಟನೇ ಪೋರ್ಟಿನಲ್ಲಿದೆ, ರೂಟರ್ ಹಂಚುವ ಅಡ್ರೆಸ್ 100ರಿಂದ 200, ನೂರರ ಕೆಳಗೆ ಯಾರು ಯಾರು ಇದ್ದಾರೆ. ಅಡಿಯಲ್ಲಿ ಒಂದು ಸಾಲು: 'ಪಿಂಗ್ ಬಂದರೆ ಸಾಲದು, ಮ್ಯಾಕ್ ನೋಡಿ.' ಪ್ರಿಂಟರಿನ ಮುಚ್ಚಳದ ಒಳಬದಿಗೆ ಟೇಪ್ ಹಾಕಿ ಅಂಟಿಸಿದ್ದೇನೆ. ಆ ಹಾಳೆ ಪ್ರಿಂಟ್ ಆಗಿದ್ದು ಅದೇ ಪ್ರಿಂಟರಿನಲ್ಲಿ, ಮೇಡಂ ಸಿಸ್ಟಮ್ಮಿನಿಂದ, ಬೆಳಗ್ಗೆ 9:50ಕ್ಕೆ.